ಜೀವನ ಚರಿತ್ರೆಯಿಂದ ಸಮಾಜ ಪಾಠ: 'ಒಳ್ಳೆಯವರು, ಕಷ್ಟಪಟ್ಟರು' ಅಷ್ಟೇನಾ?

ಪ್ರಶ್ನೆ
ನಾಲ್ಕನೇ ತರಗತಿ, 40 ನಿಮಿಷದ ಪೀರಿಯಡ್. ಮಹನೀಯರ ಕಥೆಯನ್ನು ಮಕ್ಕಳು ಕಿವಿಗೊಟ್ಟು ಕೇಳುತ್ತಾರೆ. ಆಮೇಲೆ ವಿಚಾರಿಸಿದರೆ ಹುಟ್ಟಿದ ಇಸವಿ, 'ಕಷ್ಟಪಟ್ಟರು' ಅನ್ನುವ ಮಾತು, ಇಷ್ಟೇ. ಆ ಕಾಲದ ಕಾನೂನು, ಜನಜೀವನ ಯಾವುದೂ ತಲೆಗೆ ಹೋಗಿರುವುದಿಲ್ಲ. ಎಲ್ಲಿ ತಪ್ಪುತ್ತಿದೆ?

ಉತ್ತರ 1
ಮೇಡಂ, ಹುಟ್ಟಿನಿಂದ ಸಾವಿನವರೆಗೆ ಹೇಳಹೊರಟರೆ ಹಾಗೇ ಆಗುವುದು. ಒಂದೇ ಘಟನೆ ಹಿಡಿಯಿರಿ. ಬಿಳಿಯನಿಗೆ ಸೀಟು ಬಿಡದೆ ಬಂಧನಕ್ಕೊಳಗಾದ ಕಪ್ಪು ಮಹಿಳೆ ರೋಸಾ ಪಾರ್ಕ್ಸ್ ಆದರೆ ಅಮೆರಿಕದ ಮಾಂಟ್‌ಗೊಮೆರಿಯಲ್ಲಿ 1955ರ ಡಿಸೆಂಬರ್ 1ರ ಆ ಬಸ್ಸು ಸಾಕು. ನೆಲದ ಮೇಲೆ ಸೀಮೆಸುಣ್ಣದಲ್ಲಿ ಬಸ್ಸು ಬರೆಯಿರಿ: ಸಾಲಿಗೆ ನಾಲ್ಕು ಸೀಟು, ನಡುವೆ ಓಡಾಡಲು ಜಾಗ. ಪ್ರಯಾಣಿಕರ ಬದಲು ಅಂಗಿಯ ಗುಂಡಿಗಳನ್ನಿಡಿ. ಬಿಳಿಯರ ಸೀಟುಗಳು ತುಂಬಿವೆ, ಒಬ್ಬ ಬಿಳಿಯ ನಿಂತಿದ್ದಾನೆ. ಪಾರ್ಕ್ಸ್ ಕೂತ ಸಾಲಿನ ನಾಲ್ವರೂ ಏಳಬೇಕು ಅನ್ನುತ್ತಾನೆ ಡ್ರೈವರ್.

ಕಥೆ ಅಲ್ಲಿಗೇ ನಿಲ್ಲಿಸಿ. 'ಒಬ್ಬನಿಗೆ ಒಂದು ಸೀಟು ಸಾಕಲ್ಲ, ನಾಲ್ವರೂ ಯಾಕೆ?' ಎಂಬ ಪ್ರಶ್ನೆ ಮಕ್ಕಳಿಂದಲೇ ಬರಲಿ. ಬಿಳಿಯನ ಸಾಲಿನಲ್ಲಿ ಕಪ್ಪು ಜನ ಕೂರುವಂತಿರಲಿಲ್ಲ ಎಂಬುದು ಆಗ ಕಣ್ಣಿಗೆ ಕಟ್ಟುತ್ತದೆ. ಪಾಠ ಶುರುವಾಗುವುದೇ ಅಲ್ಲಿಂದ. ಮಕ್ಕಳನ್ನೇ ಬಿಳಿಯರು, ಕಪ್ಪು ಜನ ಎಂದು ವಿಂಗಡಿಸಿ ಆಡಿಸಬೇಡಿ, ಅವಮಾನ ನಿಜವಾಗಿಯೇ ತಾಗುತ್ತದೆ. ಗುಂಡಿ ಇಡುವುದು ಅದಕ್ಕೇ.

ಉತ್ತರ 2
ಬಸ್ಸಿನ ಚಿತ್ರ ಚೆನ್ನಾಗಿದೆ. ಆದರೆ ಅಷ್ಟಕ್ಕೇ ಬಿಟ್ಟರೆ 'ಒಬ್ಬರು ಎದ್ದೇಳಲಿಲ್ಲ, ಕಾನೂನು ಬದಲಾಯಿತು' ಎಂದು ಮಕ್ಕಳು ತಿಳಿಯುತ್ತಾರೆ. ಜೀವನ ಚರಿತ್ರೆ ದಾರಿ ತಪ್ಪಿಸುವುದು ಹೆಚ್ಚಾಗಿ ಇಲ್ಲೇ. ಅದೇ ವರ್ಷದ ಮಾರ್ಚ್‌ನಲ್ಲಿ 15 ವರ್ಷದ ಕ್ಲಾಡೆಟ್ ಕೋಲ್ವಿನ್ ಕೂಡ ಸೀಟು ಬಿಡದೆ ಬಂಧನಕ್ಕೊಳಗಾಗಿದ್ದಳು. 1956ರಲ್ಲಿ ಸುಪ್ರೀಂ ಕೋರ್ಟಿನಲ್ಲಿ ಬಸ್ಸಿನ ಈ ನಿಯಮದ ವಿರುದ್ಧ ಗೆದ್ದ ಮೊಕದ್ದಮೆಯಲ್ಲಿ ಅವಳ ಹೆಸರಿತ್ತು, ಪಾರ್ಕ್ಸ್ ಹೆಸರಿರಲಿಲ್ಲ.

ಎರಡನೇ ಪೀರಿಯಡ್ಡನ್ನು ಪಾರ್ಕ್ಸ್ ಬಂಧನದ ನಂತರ ಊರಿನ ಕಪ್ಪು ಜನ ನಡೆಸಿದ 381 ದಿನಗಳ ಬಸ್ ಬಹಿಷ್ಕಾರಕ್ಕೇ ಇಡಿ. ವರ್ಷಕ್ಕಿಂತ ಎಷ್ಟು ದಿನ ಹೆಚ್ಚು? ಕೆಲಸಕ್ಕೆ ಹೋಗಿದ್ದು ಹೇಗೆ? ಬಸ್ ಕಂಪನಿಗೆ ಏನಾಯಿತು? ಒಂದೊಂದು ಗುಂಪಿಗೆ ಒಂದೊಂದು ಪ್ರಶ್ನೆ. ನಡೆದು ಹೋದವರು, ಕಾರು ಕೊಟ್ಟವರು, ಕರಪತ್ರ ಹಂಚಿದವರು, ಎಲ್ಲರಿಗೂ ಒಂದೊಂದು ಚೀಟಿ ಮಾಡಿ ಪಾರ್ಕ್ಸ್ ಹೆಸರಿನ ಸುತ್ತ ಅಂಟಿಸಿ.

ಉತ್ತರ 3
ಇಸವಿಗೆ ದಾರ ಬಳಸಿ, ವರ್ಷಕ್ಕೆ 1 ಸೆಂ.ಮೀ. ಪಾರ್ಕ್ಸ್ ಹುಟ್ಟಿದ್ದು 1913, ತೀರಿಕೊಂಡಿದ್ದು 2005. 92 ಸೆಂ.ಮೀ. ದಾರದ 42ರಲ್ಲಿ ಬಸ್ಸಿನ ಗಂಟು. 'ಪಾರ್ಕ್ಸ್ ದಣಿದ ಮುದುಕಿ, ಅದಕ್ಕೇ ಏಳಲಿಲ್ಲ' ಎಂಬ ಕಲ್ಪನೆ ಅದನ್ನು ನೋಡಿದರೇ ಹೋಗುತ್ತದೆ.

ಮಕ್ಕಳ ಪುಸ್ತಕಗಳಲ್ಲಿ ಸಂಭಾಷಣೆಗಳು ಎಷ್ಟೋ ಸಲ ಲೇಖಕರು ಕಟ್ಟಿದ್ದು. ಅಂಥ ಸಾಲಿನ ಪಕ್ಕ ಪೆನ್ಸಿಲ್‌ನಲ್ಲಿ ಪ್ರಶ್ನಾರ್ಥಕ ಚಿಹ್ನೆ ಹಾಕಿಸಿ. ಪರೀಕ್ಷೆಯಲ್ಲಿ ಇಸವಿ ಬೇಡ, 'ಆ ನಿಯಮ ಇರದಿದ್ದರೆ ಆ ಸಂಜೆ ಬಸ್ಸಿನಲ್ಲಿ ಏನಾಗುತ್ತಿತ್ತು?' ಎಂದು ಕೇಳಿ.