ಹಳೆಯ ಬುಲೆಟ್ 350: ಕಂಪ್ರೆಷನ್ ಅನುಪಾತ ಅಳೆಯುವುದು, ಪುಶ್‌ರಾಡ್ ಕೂರಿಸುವುದು

ಪ್ರಶ್ನೆ

ತಂದೆಯವರ ಎಪ್ಪತ್ತರ ದಶಕದ ಬುಲೆಟ್ 350 ಎಂಜಿನ್ ಬಿಚ್ಚಿ ಮತ್ತೆ ಕಟ್ಟುತ್ತಿದ್ದೇನೆ. ಎರಕದ ಕಬ್ಬಿಣದ ಸಿಲಿಂಡರ್. 20 ತೌ (ಒಂದು ತೌ ಅಂದರೆ ಇಂಚಿನ ಸಾವಿರದಲ್ಲೊಂದು ಭಾಗ) ಓವರ್‌ಸೈಜಿಗೆ ಬೋರ್ ಮಾಡಿಸಿದ್ದೇನೆ. ಹೆಡ್‌ನ ಮುಖವನ್ನು ಹಿಂದೆ ಯಾರೋ ಲೇತ್‌ನಲ್ಲಿ ಸವರಿದ್ದಾರೆ, ಎಷ್ಟು ಎಂಬ ಲೆಕ್ಕ ಸಿಗುತ್ತಿಲ್ಲ. ಕಂಪ್ರೆಷನ್ ಅನುಪಾತವನ್ನು (ಪಿಸ್ಟನ್ ಮೇಲೇರಿದಾಗ ಒಳಗಿನ ಅನಿಲ ಎಷ್ಟು ಪಟ್ಟು ಕುಗ್ಗುತ್ತದೆ ಎಂಬುದನ್ನು) ಮನೆಯಲ್ಲೇ ಅಳೆಯಬಹುದೇ? ಇನ್ನೊಂದು ತೊಂದರೆ: ಹೊಸ ಪುಶ್‌ರಾಡ್ (ವಾಲ್ವ್ ತೆರೆಯಲು ಕೆಳಗಿನಿಂದ ತಳ್ಳುವ ಕಡ್ಡಿ) ಹಾಕಿದರೆ, ಅದರ ಉದ್ದ ಹೊಂದಿಸುವ ಅಡ್ಜಸ್ಟರನ್ನು ಪೂರ್ತಿ ಇಳಿಸಿದರೂ ರಾಡ್ ಬಿಗಿಯಾಗಿಯೇ ಇರುತ್ತದೆ. ಕತ್ತರಿಸಿ ಗಿಡ್ಡ ಮಾಡಿಸಲೇ?

ಹಾಸನದಿಂದ

ದಯವಿಟ್ಟು ಈಗಲೇ ಕತ್ತರಿಸಬೇಡಿ. ನಿಮ್ಮ ಎರಡೂ ಪ್ರಶ್ನೆಗಳ ಬೇರು ಒಂದೇ. ಹೆಡ್ ಸವರಿದಷ್ಟೂ ದಹನ ಕೋಣೆ ಕಿರಿದಾಗುತ್ತದೆ. ಅದರ ಜೊತೆ ಹೆಡ್ ಮೇಲಿರುವ ರಾಕರ್‌ಗಳೂ (ರಾಡ್‌ನ ತಳ್ಳನ್ನು ವಾಲ್ವ್‌ಗೆ ದಾಟಿಸುವ ತೋಳುಗಳು) ಅಷ್ಟೇ ಕೆಳಗಿಳಿಯುವುದರಿಂದ ಪುಶ್‌ರಾಡ್ ಉದ್ದವಾದಂತೆ ಆಗುತ್ತದೆ. ಮೊದಲು ಕೋಣೆಯ ಅಳತೆ, ಆಮೇಲೆ ರಾಡ್.

ಲೆಕ್ಕ ಸುಲಭ. ಬುಲೆಟ್ 350ರ ಬೋರ್ 70 ಮಿ.ಮೀ., ಸ್ಟ್ರೋಕ್ 90 ಮಿ.ಮೀ., ಅಂದರೆ ಪಿಸ್ಟನ್ ಗುಡಿಸುವ ಗಾತ್ರ 346 ಮಿ.ಲೀ. ನಿಮ್ಮದು 20 ತೌ ಹಿಗ್ಗಿ 70.5 ಮಿ.ಮೀ. ಆಗಿದೆ, ಗಾತ್ರ 351 ಮಿ.ಲೀ. ಇದಕ್ಕೆ ಕೋಣೆಯ ಗಾತ್ರವನ್ನು ಕೂಡಿಸಿ, ಬಂದದ್ದನ್ನು ಕೋಣೆಯ ಗಾತ್ರದಿಂದಲೇ ಭಾಗಿಸಿದರೆ ಅನುಪಾತ. ಹಳೆಯ ಎಂಜಿನ್‌ನಲ್ಲಿ ಅದು 6.5 ಇತ್ತು ಎಂದಿಟ್ಟುಕೊಂಡರೆ ಕೋಣೆ ಸುಮಾರು 63 ಮಿ.ಲೀ. ಬೋರ್ ಹಿಗ್ಗಿದ್ದರಿಂದ ಅನುಪಾತ 6.6ಕ್ಕೆ ಏರುತ್ತದೆ, ಅಷ್ಟೇ, ಅದಕ್ಕೆ ಹೆದರಬೇಕಿಲ್ಲ. ಹೆದರಬೇಕಾದದ್ದು ಲೇತ್‌ಗೆ. ಒಂದು ಮಿಲಿಮೀಟರ್ ಸವರಿದರೆ ಕೋಣೆಯಿಂದ 3.9 ಮಿ.ಲೀ. ಹೋಗುತ್ತದೆ, ಅನುಪಾತ 6.9 ದಾಟುತ್ತದೆ.

ಅಳೆಯಲು ಪ್ರಯೋಗಾಲಯದ ಸಾಮಾನು ಮಾರುವ ಅಂಗಡಿಯಿಂದ ಒಂದು ಬ್ಯೂರೆಟ್ (ಗೆರೆ ಹಾಕಿದ, ಕೆಳಗೆ ನಲ್ಲಿಯಿರುವ ಗಾಜಿನ ಕೊಳವೆ) ತನ್ನಿ. ಅದು ಸಿಗದಿದ್ದರೆ ಮಿ.ಲೀ. ಗೆರೆಗಳಿರುವ ದೊಡ್ಡ ಸಿರಿಂಜ್ ಸಾಕು. ಹೆಡ್ ಕೂರಿಸುವ ಮೊದಲು ಪಿಸ್ಟನ್ ಮೇಲೆ ತಂದು, ಅದರ ಅಂಚಿನ ಸುತ್ತ ತೆಳ್ಳಗೆ ಗ್ರೀಸ್ ಸವರಿ, ಹೆಚ್ಚಾದದ್ದನ್ನು ಒರೆಸಿ. ಕೊನೆಗೆ ಯಾವ ಗ್ಯಾಸ್ಕೆಟ್ ಬಳಸುತ್ತೀರೋ ಅದನ್ನೇ ಇಟ್ಟು ಹೆಡ್ ಬಿಗಿಯಿರಿ. ಎರಡೂ ವಾಲ್ವ್ ಮುಚ್ಚಿರಬೇಕು, ಪಿಸ್ಟನ್ ಟಿಡಿಸಿಯಲ್ಲಿ, ಅಂದರೆ ತನ್ನ ಓಟದ ತೀರ ಮೇಲಿನ ತುದಿಯಲ್ಲಿ, ಇರಬೇಕು. ಪ್ಲಗ್‌ನ ತೂತು ನೇರ ಮೇಲೆ ಬರುವಂತೆ ಎಂಜಿನನ್ನು ವಾಲಿಸಿ ಮರದ ತುಂಡು ಕೊಡಿ. ಬರಿಯ ಸೀಮೆಎಣ್ಣೆ ರಿಂಗ್‌ಗಳ ಪಕ್ಕದಿಂದ ಜಾರಿಬಿಡುತ್ತದೆ. ಅರ್ಧ ಎಂಜಿನ್ ಆಯಿಲ್ ಬೆರೆಸಿದರೆ ನಿಲ್ಲುತ್ತದೆ. ನಿಧಾನವಾಗಿ ಬಿಡುತ್ತಾ ಟಾರ್ಚ್ ಹಿಡಿದು ನೋಡಿ: ಎಣ್ಣೆ ಏರಿ ಪ್ಲಗ್ ತೂತಿನ ಥ್ರೆಡ್‌ನ ಕೆಳಗಿನ ಸುತ್ತಿಗೆ ತಾಗಿದ ಕೂಡಲೇ ಅಲ್ಲಿ ಹೊಳೆಯುವ ಬಳೆ ಕಾಣಿಸುತ್ತದೆ. ಅಲ್ಲಿಗೆ ನಿಲ್ಲಿಸಿ. ಎಂಜಿನನ್ನು ಮೆಲ್ಲಗೆ ಅಲುಗಾಡಿಸಿದರೆ ಒಂದೆರಡು ಗುಳ್ಳೆ ಮೇಲೆ ಬಂದು ಮಟ್ಟ ಇಳಿಯುತ್ತದೆ. ಮತ್ತೆ ತುಂಬಿ ಬ್ಯೂರೆಟ್ ಓದಿಕೊಳ್ಳಿ. ಬಳೆ ತಾನಾಗಿ ಮುಳುಗುತ್ತಾ ಹೋದರೆ ಎಲ್ಲೋ ಸೋರಿಕೆ ಇದೆ. ಬುಲೆಟ್‌ನಲ್ಲಿ ಮೊದಲ ಅನುಮಾನ ಡಿಕಂಪ್ರೆಸರ್ ವಾಲ್ವ್ (ಸಿಲಿಂಡರ್‌ನ ಒತ್ತಡ ಬಿಡುವ ಪುಟ್ಟ ವಾಲ್ವ್) ಮೇಲೆ.

ಅಳೆದಾದ ಮೇಲೆ ಎಣ್ಣೆಯನ್ನು ಕೊಳವೆಯಿಂದ ಹೀರಿ ತೆಗೆಯಿರಿ. ಪ್ಲಗ್ ಹಾಕಿ ಕಿಕ್ ಹೊಡೆಯಲೇಬೇಡಿ; ದ್ರವ ಕುಗ್ಗುವುದಿಲ್ಲ, ಕನೆಕ್ಟಿಂಗ್ ರಾಡ್ ಬಾಗುತ್ತದೆ.

ಹುಬ್ಬಳ್ಳಿಯಿಂದ

ಮೇಲಿನವರು ಹೇಳಿದ್ದು ಸರಿ. ಒಂದು ಮಾತು ಸೇರಿಸುತ್ತೇನೆ. ಗ್ಯಾರೇಜಿನಲ್ಲಿ ಪ್ಲಗ್ ತೂತಿಗೆ ಕಂಪ್ರೆಷನ್ ಗೇಜ್ ಒತ್ತಿ 'ಇಷ್ಟು ಪೌಂಡ್ ಇದೆ' ಎನ್ನುವುದು ಅನುಪಾತವಲ್ಲ. ಕಿಕ್‌ನ ವೇಗ, ರಿಂಗ್‌ನ ಸವೆತ, ಇನ್‌ಲೆಟ್ ವಾಲ್ವ್ ಯಾವಾಗ ಮುಚ್ಚುತ್ತದೆ ಎಂಬುದೆಲ್ಲ ಆ ಅಂಕಿಯಲ್ಲಿ ಸೇರಿರುತ್ತದೆ.

ಟಿಡಿಸಿಯನ್ನು ಕಣ್ಣಂದಾಜಿನಲ್ಲಿ ಹಿಡಿಯಬೇಡಿ. ತುದಿಯಲ್ಲಿ ಪಿಸ್ಟನ್ ನಿಂತೇ ಬಿಟ್ಟಂತಿರುತ್ತದೆ, ಕ್ರ್ಯಾಂಕ್ ಕೆಲವು ಡಿಗ್ರಿ ತಿರುಗಿದರೂ ಅದು ಕದಲಿದ್ದು ತಿಳಿಯುವುದಿಲ್ಲ. ಕ್ರ್ಯಾಂಕ್‌ಗೆ ಡಿಗ್ರಿ ತಟ್ಟೆ ಕಟ್ಟಿ, ಪ್ಲಗ್ ತೂತಿನಲ್ಲಿ ತಡೆಬೋಲ್ಟ್ ಹಾಕಿ, ಎರಡೂ ದಿಕ್ಕಿನಿಂದ ಮೆಲ್ಲಗೆ ತಾಗಿಸಿ ಗುರುತು ಮಾಡಿ. ಎರಡು ಗುರುತುಗಳ ನಟ್ಟನಡುವೆ ಟಿಡಿಸಿ. ಇಗ್ನಿಷನ್ ಟೈಮಿಂಗ್‌ಗೂ ಇದೇ ಗುರುತು ಬೇಕು.

ಕೇಳಿದವರಿಂದ

ಅಳೆದೆ. 58 ಮಿ.ಲೀ. ಬಂತು, ಮತ್ತೆ ತುಂಬಿದಾಗಲೂ ಅದೇ. ಲೆಕ್ಕ ಹಾಕಿದರೆ 7.06.

ಹಾಸನದಿಂದ

7.06 ಭಯಪಡುವ ಅಂಕಿ ಅಲ್ಲ. ಯುದ್ಧದ ನಂತರದ ಬ್ರಿಟನ್‌ನ ಕಳಪೆ ಪೆಟ್ರೋಲನ್ನು ಲೆಕ್ಕಕ್ಕೆ ಹಿಡಿದು ಹುಟ್ಟಿದ ಎಂಜಿನ್ ಇದು. ಇಂದಿನ ಪೆಟ್ರೋಲ್ ಅದಕ್ಕಿಂತ ಎಷ್ಟೋ ಮೇಲು. ನಾನಾದರೆ ಹಾಗೆಯೇ ಬಿಟ್ಟು ಟೈಮಿಂಗ್ ಎಚ್ಚರದಿಂದ ಇಡುತ್ತಿದ್ದೆ. ಘಾಟಿ ಹತ್ತುವಾಗ ನಾಕಿಂಗ್ (ಎಂಜಿನ್ ಒಳಗೆ ಲೋಹ ಬಡಿದಂಥ ಸದ್ದು) ಕೇಳಿಸಿದರೆ ಆಗ ಯೋಚಿಸಿ.

ಬೆಂಗಳೂರಿನಿಂದ

ಇಲ್ಲಿ ನನ್ನ ಅಭಿಪ್ರಾಯ ಬೇರೆ. ಅನುಪಾತ ಸಹಿಸಬಹುದು, ಆದರೆ ರಾಡ್ ಬಿಗಿಯಾಗಿದ್ದರೆ ವಾಲ್ವ್ ಪೂರ್ತಿ ಮುಚ್ಚುವುದಿಲ್ಲ, ಎಕ್ಸಾಸ್ಟ್ ವಾಲ್ವ್ ಸುಟ್ಟುಹೋಗುತ್ತದೆ. ಸಿಲಿಂಡರ್ ಬುಡಕ್ಕೆ 1 ಮಿ.ಮೀ. ಅಲ್ಯೂಮಿನಿಯಂ ತಟ್ಟೆ ಕತ್ತರಿಸಿ ಹಾಕಿ. ಸಿಲಿಂಡರ್, ಹೆಡ್, ರಾಕರ್ ಮೂರೂ ಒಟ್ಟಿಗೆ ಮೇಲೇಳುತ್ತವೆ. ಕೋಣೆ ಸುಮಾರು 62 ಮಿ.ಲೀ. ಆಗಿ ಅನುಪಾತ 6.7ರ ಹತ್ತಿರಕ್ಕೆ ಇಳಿಯುತ್ತದೆ, ರಾಡ್‌ಗೂ ಒಂದು ಮಿಲಿಮೀಟರ್ ಜಾಗ ಸಿಗುತ್ತದೆ. ತಟ್ಟೆಯಲ್ಲಿ ಪುಶ್‌ರಾಡ್ ಹಾದುಹೋಗುವ ಕಂಡಿಯನ್ನೂ ಸ್ಟಡ್ ತೂತುಗಳನ್ನೂ ಹಳೆಯ ಗ್ಯಾಸ್ಕೆಟ್ ನೋಡಿ ಕತ್ತರಿಸಿ. ನಟ್‌ಗಳಿಗೆ ಸ್ಟಡ್‌ನಲ್ಲಿ ಪೂರ್ತಿ ಥ್ರೆಡ್ ಸಿಗುತ್ತದೆಯೇ ಎಂದೂ ನೋಡಿ.

ಅಂಗಡಿಯಿಂದ ತಂದ ರಾಡನ್ನು ಕಣ್ಣುಮುಚ್ಚಿ ಹಾಕಬೇಡಿ. ಜೆ.ಸಿ. ರಸ್ತೆಯಲ್ಲಿ ಕೊಂಡವುಗಳಲ್ಲಿ ಗಟ್ಟಿಯಾದವೂ ನೋಡಿದ್ದೇನೆ, ಉಕ್ಕಿನ ತುದಿ ಅಲ್ಯೂಮಿನಿಯಂ ಕೊಳವೆಯಲ್ಲಿ ಸಡಿಲವಾಗಿದ್ದವನ್ನೂ ನೋಡಿದ್ದೇನೆ. ಗಾಜಿನ ಮೇಲೆ ಉರುಳಿಸಿದರೆ ಬಾಗಿದ್ದು ಗೊತ್ತಾಗುತ್ತದೆ. ತುದಿಯನ್ನು ಹಿಡಿದು ತಿರುಚಿ ನೋಡಿ, ಕೂದಲೆಳೆಯಷ್ಟು ಕದಲಿದರೂ ವಾಪಸ್ ಕೊಡಿ. ಇನ್‌ಲೆಟ್ ಮತ್ತು ಎಕ್ಸಾಸ್ಟ್ ರಾಡ್‌ಗಳಿಗೆ ಗುರುತು ಹಾಕಿಡಿ.

ಜೋಡಿಸಿದ ಮೇಲೆ ವಾಲ್ವ್ ಕಾಂಡದ ತುದಿಗೆ ಮಾರ್ಕರ್ ಮಸಿ ಬಳಿದು ಎಂಜಿನನ್ನು ಕೈಯಿಂದ ಕೆಲವು ಸುತ್ತು ತಿರುಗಿಸಿ. ರಾಕರ್ ಉಜ್ಜಿದ ಗೆರೆ ನಡುವಿನಲ್ಲಿರಬೇಕು, ಅಂಚಿಗೆ ಸರಿದಿರಬಾರದು. ಪಿಸ್ಟನ್ ತಲೆಯ ಮೇಲೆ ಮಕ್ಕಳ ಆಟದ ಜೇಡಿಮಣ್ಣು ಇಟ್ಟು ಎರಡು ಸುತ್ತು ತಿರುಗಿಸಿ, ಬಿಚ್ಚಿ, ಒತ್ತಿದ ಜಾಗವನ್ನು ಕೊಯ್ದು ಅಳೆಯಿರಿ. ಇನ್‌ಲೆಟ್ ಕಡೆ 1.5 ಮಿ.ಮೀ., ಎಕ್ಸಾಸ್ಟ್ ಕಡೆ 2 ಮಿ.ಮೀ. ಇರಲೇಬೇಕು ಎಂಬುದು ನನ್ನ ಲೆಕ್ಕ.

ಟ್ಯಾಪೆಟ್ ಹೊಂದಿಸುವುದು (ಪುಶ್‌ರಾಡ್‌ನ ತೆರಪು ಸರಿಮಾಡುವುದು) ಎಂಜಿನ್ ಪೂರ್ತಿ ತಣ್ಣಗಿರುವಾಗ, ಕಂಪ್ರೆಷನ್ ಸ್ಟ್ರೋಕಿನ ಟಿಡಿಸಿಯಲ್ಲಿ. ತೆರಪು ಶೂನ್ಯ: ರಾಡ್ ಮೇಲೆ ಕೆಳಗೆ ಆಡಬಾರದು, ಆದರೆ ಎರಡು ಬೆರಳಲ್ಲಿ ಸಲೀಸಾಗಿ ತಿರುಗಬೇಕು. ಲಾಕ್‌ನಟ್ ಬಿಗಿದಾಗ ಅಡ್ಜಸ್ಟರ್ ಜೊತೆಗೇ ಸರಿಯುತ್ತದೆ, ಆದ್ದರಿಂದ ಬಿಗಿದ ಮೇಲೆ ಮತ್ತೊಮ್ಮೆ ತಿರುಗಿಸಿ ನೋಡಿ. ಹೊಸ ಗ್ಯಾಸ್ಕೆಟ್ ಕೂತ ಮೇಲೆ ಹೆಡ್ ನಟ್‌ಗಳನ್ನು ಮತ್ತೆ ಬಿಗಿಯಬೇಕಾಗುತ್ತದೆ. ಆಗ ರಾಡ್ ಮತ್ತೆ ಬಿಗಿಯಾಗುತ್ತದೆ, ಟ್ಯಾಪೆಟ್ ಕವರ್ ತೆಗೆದು ಎರಡೂ ರಾಡ್‌ಗಳನ್ನು ಸಡಿಲಿಸಿಕೊಳ್ಳಿ.