ಆಟೋಕ್ಯಾಡ್: ಉಪಗ್ರಹ ಚಿತ್ರದ ಮೇಲಿನ ಹೆಸರುಗಳು ಸ್ಪಷ್ಟವಾಗಿ ಕಾಣುವುದು ಹೇಗೆ?

ಪ್ರಶ್ನೆ (ಕೋಥ್ರೂಡ್, ಪುಣೆ)
ಮುಳಾ ಮತ್ತು ಮುಠಾ ನದಿಗಳು ಕೂಡುವ ಸಂಗಮದ ಆಸುಪಾಸಿನ ನಕ್ಷೆಯೊಂದನ್ನು ಆಟೋಕ್ಯಾಡ್ ಎಂಬ ನಕ್ಷೆ ರಚನೆಯ ತಂತ್ರಾಂಶದಲ್ಲಿ ಸಿದ್ಧಪಡಿಸುತ್ತಿದ್ದು, ಅದರ ಕೆಳಗೆ ಉಪಗ್ರಹ ಚಿತ್ರವನ್ನು ಜೋಡಿಸಿದ್ದೇನೆ. ದಡದ ಮರಗಳು ಕಡುಹಸಿರಾಗಿಯೂ ಪಕ್ಕದ ತಾರಸಿಗಳು ಬಹುತೇಕ ಬಿಳಿಯಾಗಿಯೂ ಇರುವುದರಿಂದ, ರಸ್ತೆಯ ಹೆಸರಿಗೆ ಯಾವ ಬಣ್ಣ ಕೊಟ್ಟರೂ ಅರ್ಧ ಭಾಗ ಮರೆಯಾಗುತ್ತದೆ. ಪರದೆಯಲ್ಲಿ ಬಿಳಿಯಾಗಿ ಕಾಣುವ ಅಕ್ಷರಗಳು ಕಾಗದದಲ್ಲಿ ಕಪ್ಪಾಗಿ ಮೂಡುವುದು ಇನ್ನೊಂದು ತೊಡಕು. ಬಲ್ಲವರು ತಿಳಿಸಬೇಕಾಗಿ ವಿನಂತಿ.

ಉತ್ತರ (ಮಾಟುಂಗಾ, ಮುಂಬಯಿ)
ಕಾಗದದ ತೊಡಕನ್ನು ಮೊದಲು ಮುಗಿಸೋಣ. ಆಟೋಕ್ಯಾಡ್‌ನ ಬಣ್ಣಪಟ್ಟಿಯ 7ನೇ ಬಣ್ಣವು ಕಪ್ಪು ಪರದೆಯಲ್ಲಿ ಬಿಳಿಯಾಗಿಯೂ ಬಿಳಿ ಕಾಗದದಲ್ಲಿ ಕಪ್ಪಾಗಿಯೂ ಬರುವಂಥದ್ದು. ತಮ್ಮ ಪ್ರಿಂಟರಿನಲ್ಲಿ ದೋಷವಿಲ್ಲ. ನಕ್ಷೆ ಕಾಗದಕ್ಕೇ ಹೋಗುವುದಾದರೆ ಅಕ್ಷರವನ್ನು ಕಪ್ಪಾಗಿಯೇ ಬಿಟ್ಟು ಚಿತ್ರವನ್ನು ಪಳಗಿಸುವುದು ಲೇಸು. ಇಮೇಜ್‌ಅಡ್ಜಸ್ಟ್ ಆದೇಶದಲ್ಲಿ ಫೇಡ್ ಎಂಬುದನ್ನು 0ಯಿಂದ 100ರವರೆಗೆ ಏರಿಸಬಹುದು. ಏರಿಸಿದಷ್ಟೂ ಚಿತ್ರ ಹಿನ್ನೆಲೆಯ ಬಣ್ಣದಲ್ಲಿ ಬೆರೆಯುತ್ತದೆ. ಕಪ್ಪು ಪರದೆಯಲ್ಲಿ ಅದು ಕಪ್ಪಿನತ್ತ ಸರಿದರೂ ಮುದ್ರಣದಲ್ಲಿ ಬಿಳುಪಿನತ್ತಲೇ ಸರಿಯುತ್ತದೆ. ಆದ್ದರಿಂದ ಪ್ಲಾಟ್ ಪ್ರಿವ್ಯೂ (ಮುದ್ರಣದ ಮುನ್ನೋಟ) ನೋಡದೆ ಏನನ್ನೂ ತೀರ್ಮಾನಿಸಬೇಡಿ. ನಾನು ಸಾಮಾನ್ಯವಾಗಿ 50ರಿಂದ ಆರಂಭಿಸುತ್ತೇನೆ.

ಆಮೇಲೂ ಮರಗಳ ನಡುವೆ ಸಿಕ್ಕಿಕೊಳ್ಳುವ ಹೆಸರುಗಳಿಗೆ ಮಾತ್ರ ಎಂಟೆಕ್ಸ್ಟ್‌ನ (ಹಲವು ಸಾಲುಗಳ ಪಠ್ಯ) ಬ್ಯಾಕ್‌ಗ್ರೌಂಡ್ ಮಾಸ್ಕ್, ಅಂದರೆ ಅಕ್ಷರಗಳ ಹಿಂದೆ ಚಿತ್ರವನ್ನು ಮರೆಮಾಡುವ ಪಟ್ಟಿ, ಹಾಕಿ. ಪಟ್ಟಿ ಅಕ್ಷರಗಳಾಚೆ ಎಷ್ಟು ಚಾಚಬೇಕೆಂದು ಹೇಳುವ ಬಾರ್ಡರ್ ಆಫ್‌ಸೆಟ್ ಮೊದಲಿಗೆ 1.5 ಇರುತ್ತದೆ, ಇಕ್ಕಟ್ಟಾದ ನಕ್ಷೆಗೆ 1.2 ಸಾಕು. ಎಲ್ಲ ಹೆಸರಿಗೂ ಹಾಕಿದರೆ ನಕ್ಷೆ ತೇಪೆಯ ಕೌದಿಯಂತಾಗಿ, ಚಿತ್ರವನ್ನು ಜೋಡಿಸಿದ ಉದ್ದೇಶವೇ ಕೆಡುತ್ತದೆ.

ಪ್ರಶ್ನೆ ಕೇಳಿದವರು
ಫೇಡ್ ಏರಿಸಿದ ಮೇಲೆ ಬಹುತೇಕ ಹೆಸರುಗಳು ತಿಳಿಯಾದವು. ಆದರೆ ಮಾಸ್ಕ್ ಹಾಕಿದಲ್ಲಿ ಹೆಸರಿಗಿಂತ ಬಹಳ ಅಗಲವಾದ ಬಿಳಿ ಪಟ್ಟಿ ಬರುತ್ತಿದೆ; ಕೆಲವು ಹೆಸರುಗಳಂತೂ ಚಿತ್ರದ ಹಿಂದೆ ಸೇರಿಕೊಂಡಿವೆ.

ಉತ್ತರ (ಮಡಗಾಂವ್, ಗೋವಾ)
ಮಾಸ್ಕ್ ಎಂಟೆಕ್ಸ್ಟ್ ಚೌಕಟ್ಟಿನ ಪೂರ್ತಿ ಅಗಲವನ್ನು ಆವರಿಸುತ್ತದೆ. ಕಾಲಮ್‌ಗಳನ್ನು ತೆಗೆದು, ಪ್ರಾಪರ್ಟೀಸ್‌ನಲ್ಲಿ ಅಗಲವನ್ನು 0 ಮಾಡಿದರೆ ಪಟ್ಟಿ ಹೆಸರಿನಷ್ಟಕ್ಕೇ ನಿಲ್ಲುತ್ತದೆ. ಸಾಲು ತಾನಾಗಿ ಮುರಿಯುವುದಿಲ್ಲವಾದ್ದರಿಂದ ಬೇಕಾದಲ್ಲಿ ಎಂಟರ್ ಒತ್ತಬೇಕು. ಹಿಂದೆ ಸೇರಿದ ಹೆಸರುಗಳನ್ನು ಟೆಕ್ಸ್ಟ್‌ಟುಫ್ರಂಟ್ ಆದೇಶವು ಒಮ್ಮೆಗೇ ಮುಂದಕ್ಕೆ ತರುತ್ತದೆ. ಚಿತ್ರವನ್ನು ಡ್ರಾಆರ್ಡರ್ ಆದೇಶದ ಮೂಲಕ ಎಲ್ಲಕ್ಕಿಂತ ಹಿಂದಕ್ಕೆ ಕಳುಹಿಸಿ. ಇಲ್ಲಿನ ಜಂಬಿಟ್ಟಿಗೆಯ ಕೆಮ್ಮಣ್ಣಿನ ಮೇಲೆ ಕೆಂಪು ಅಕ್ಷರಗಳಲ್ಲಿ ಗಡಿಯ ಹೆಸರು ಬರೆದು ಕಳುಹಿಸುವವರೂ ಇದ್ದಾರೆ. ಅಂಥದ್ದಕ್ಕೆ ಬಣ್ಣ ಬದಲಿಸದೆ ಗತ್ಯಂತರವಿಲ್ಲ.

ಹಳೆಯ ಕಡತದಲ್ಲಿ ಒಂದೇ ಸಾಲಿನ ಟೆಕ್ಸ್ಟ್ ಇದ್ದರೆ ಅದಕ್ಕೆ ಈ ಮಾಸ್ಕ್ ದೊರೆಯದು. ಎಕ್ಸ್‌ಪ್ರೆಸ್ ಟೂಲ್ಸ್ ಎಂಬ ಹೆಚ್ಚುವರಿ ಸಲಕರಣೆಗಳಲ್ಲಿರುವ ಟೆಕ್ಸ್ಟ್‌ಮಾಸ್ಕ್ ಬಳಸಿ, ಇಲ್ಲವೇ ಅದನ್ನು ಮೊದಲು ಎಂಟೆಕ್ಸ್ಟ್ ಆಗಿ ಪರಿವರ್ತಿಸಿಕೊಳ್ಳಿ.