ಇಂಗಾಲದ ಲೆಕ್ಕ: ಹೊಣೆ ಜನಸಂಖ್ಯೆಯದೋ, ಬೆಳವಣಿಗೆಯದೋ?

ತುಂಗಾತೀರ: 1990ರಲ್ಲಿ ಸುಮಾರು 87 ಕೋಟಿಯಿದ್ದ ಭಾರತದ ಜನಸಂಖ್ಯೆ ಈಗ 140 ಕೋಟಿ ದಾಟಿದೆ. ಅಷ್ಟು ಜನಕ್ಕೆ ದೀಪ, ಪಂಪ್‌ಸೆಟ್, ಸಿಮೆಂಟು, ಬಸ್ಸು ಎಲ್ಲವೂ ಬೇಕಾದಾಗ ಇಂಗಾಲದ ಹೊರಸೂಸುವಿಕೆ ಏರದೆ ಇರುವುದಾದರೂ ಹೇಗೆ? ಈ ಮಾತೆತ್ತದೆ ಹವಾಮಾನದ ಬಗ್ಗೆ ಚರ್ಚಿಸುವವರು ಬೇರನ್ನು ಬಿಟ್ಟು ಕೊಂಬೆ ಸವರುತ್ತಿದ್ದಾರೆ. ಮನೆಗಳು ಹೆಚ್ಚಿದಷ್ಟೂ ಒಲೆಗಳು ಹೆಚ್ಚುತ್ತವೆ.

ಗಣಿತ ಮೇಷ್ಟ್ರು: "ಏರದೆ ಇರುವುದಾದರೂ ಹೇಗೆ" ಎಂದಿದ್ದೀರಿ. ನಿಮ್ಮದೇ ಅಂಕಿಯನ್ನು ಭಾಗಿಸಿ ನೋಡಿ: ಜನಸಂಖ್ಯೆ ಹೆಚ್ಚಿದ್ದು ಸುಮಾರು 1.6 ಪಟ್ಟು. ಅದೇ ಅವಧಿಯಲ್ಲಿ ಕಲ್ಲಿದ್ದಲು, ಪೆಟ್ರೋಲು, ಅನಿಲಗಳಿಂದ ಬರುವ ಇಂಗಾಲದ ಡೈಆಕ್ಸೈಡ್ ಸುಮಾರು 60 ಕೋಟಿ ಟನ್ನಿನಿಂದ 300 ಕೋಟಿ ಟನ್ನಿನ ಆಸುಪಾಸಿಗೆ, ಅಂದರೆ ಐದು ಪಟ್ಟಿಗೆ ಏರಿತು. ಚೀನಾ 1980ರಿಂದ 2015ರವರೆಗೆ ಒಂದೇ ಮಗುವಿನ ನಿಯಮ ಹೇರಿತ್ತು. ಆ ಕಾಲದಲ್ಲಿಯೇ ಅದು ಜಗತ್ತಿನಲ್ಲಿ ಅತಿ ಹೆಚ್ಚು ಇಂಗಾಲ ಹೊರಸೂಸುವ ದೇಶವಾಯಿತು. ಇನ್ನು ಒಲೆಯ ಮಾತು: ಸೌದೆಯ ಹೊಗೆ ಈ ಲೆಕ್ಕಕ್ಕೆ ಬರುವುದೇ ಇಲ್ಲ.

ಬಯಲುಸೀಮೆ ಮಗಳು: "ಬರುವುದೇ ಇಲ್ಲ" ಎಂದು ಬರೆಯಲು ನಿಮಗೆ ಮನಸ್ಸಾದರೂ ಹೇಗೆ ಬಂತು, ಮೇಷ್ಟ್ರೇ? ನಮ್ಮಮ್ಮನ ಅಡುಗೆಮನೆಯಲ್ಲಿ ಸಿಲಿಂಡರ್ ಇದೆ, ಆದರೆ ಅದರ ಮೇಲೆ ಹಳೆಯ ಸೀರೆಯ ತುಂಡು ಹೊದಿಸಿಟ್ಟಿದ್ದಾರೆ. ನೆಂಟರು ಬಂದಾಗ ಚಹಾ ಕಾಯಿಸಲು ಮಾತ್ರ ಅದನ್ನು ಹಚ್ಚುತ್ತಾರೆ. ಮುದ್ದೆ, ಸಾರು, ಸ್ನಾನದ ನೀರು ಎಲ್ಲವೂ ಜಾಲಿ ಸೌದೆಯ ಮೇಲೆಯೇ. ಗೋಡೆ ಕಪ್ಪಾಗಿದೆ, ಅವರಿಗೆ ಕೆಮ್ಮು ನಿಂತಿಲ್ಲ.

ಗಣಿತ ಮೇಷ್ಟ್ರು: ನಾನು ಹೇಳಿದ್ದು ಲೆಕ್ಕದ ಪದ್ಧತಿ. ವಿಶ್ವಸಂಸ್ಥೆಯ ಹವಾಮಾನ ತಜ್ಞರ ಸಮಿತಿಯಾದ ಐಪಿಸಿಸಿಯ ಮಾರ್ಗಸೂಚಿಯಂತೆ ಸೌದೆಯ ಇಂಗಾಲದ ಡೈಆಕ್ಸೈಡನ್ನು ಇಂಧನ ವಲಯದ ಮೊತ್ತಕ್ಕೆ ಸೇರಿಸುವುದಿಲ್ಲ. ಮರಗಿಡಗಳ ನಷ್ಟವನ್ನು ಭೂಬಳಕೆಯ ಲೆಕ್ಕದಲ್ಲಿ ನೋಡುತ್ತಾರೆ. ಕಡಿದ ಮರ ಮತ್ತೆ ಚಿಗುರಿದರೆ ಆ ಇಂಗಾಲವನ್ನು ಹೀರಿಕೊಳ್ಳುತ್ತದೆ.

ಬಯಲುಸೀಮೆ ಮಗಳು: "ಮತ್ತೆ ಚಿಗುರಿದರೆ"! ಜಾಲಿ ಚಿಗುರುತ್ತದೆ, ಸರಿ. ನಮ್ಮೂರ ಕೆರೆ ಏರಿಯ ಮೇಲಿದ್ದ ಹುಣಸೆ ಮರಗಳು ಚಿಗುರಲಿಲ್ಲ. ಮಸಿಯ ಕಣಗಳು ಬಿಸಿಲನ್ನು ಹೀರಿ ಗಾಳಿಯನ್ನು ಕಾಯಿಸುತ್ತವೆ. ಅವನ್ನು ಯಾವ ಕಾಲಮ್ಮಿನಲ್ಲಿ ಬರೆಯುತ್ತೀರಿ?

ತುಂಗಾತೀರ: ಮರಗಳು ಹೋದದ್ದು ಜನ ಹೆಚ್ಚಿದ್ದರಿಂದಲೇ ಅಲ್ಲವೇ? ನಾನು ಹೇಳಿದ್ದೂ ಅದನ್ನೇ.

ಶಕ್ತಿನಗರದವ: ಸೌದೆಯ ಜಗಳದಲ್ಲಿ ಕಲ್ಲಿದ್ದಲನ್ನು ಮರೆತಿದ್ದೀರಿ. ರಾಯಚೂರಿನ ಉಷ್ಣ ವಿದ್ಯುತ್ ಕೇಂದ್ರದಲ್ಲಿ 1985ರಿಂದ ಕಲ್ಲಿದ್ದಲು ಉರಿಯುತ್ತಿದೆ, ಈಗ ಅದರ ಸಾಮರ್ಥ್ಯ 1,720 ಮೆಗಾವಾಟ್. ಅಲ್ಲಿಯ ವಿದ್ಯುತ್ತಿನಿಂದ ಬೆಂಗಳೂರಿನ ಲಿಫ್ಟು, ಎಸಿಗಳೂ ಓಡುತ್ತವೆ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಐದನೇ ಸುತ್ತಿನ ಪ್ರಕಾರ ಕರ್ನಾಟಕದಲ್ಲಿ ಒಬ್ಬ ಮಹಿಳೆಗೆ ಸರಾಸರಿ 1.7 ಮಕ್ಕಳು. ಮಕ್ಕಳು ಕಡಿಮೆಯಾದರೂ ಕರೆಂಟಿನ ಬೇಡಿಕೆ ಇಳಿದಿಲ್ಲ.

ತುಂಗಾತೀರ: ಅದೇ ಸಮೀಕ್ಷೆಯಲ್ಲಿ ಬಿಹಾರದ ಅಂಕಿ 3.0 ಇದೆ, ಅದನ್ನೇಕೆ ಬಿಟ್ಟಿರಿ?

ಶಕ್ತಿನಗರದವ: ಬಿಹಾರದವರು ತಲಾ ಬಳಸುವ ವಿದ್ಯುತ್ತು ನಮಗಿಂತ ಬಹಳ ಕಡಿಮೆ. ನಿಮ್ಮ ಉದಾಹರಣೆಯೇ ನಿಮ್ಮ ವಾದಕ್ಕೆ ಎದುರಾಗಿ ನಿಲ್ಲುತ್ತದೆ, ಸ್ವಾಮಿ!

ಗಣಿತ ಮೇಷ್ಟ್ರು: ಮಸಿಯಿಂದ ಹಾನಿಯಿದೆ ಎಂಬುದನ್ನು ನಾನು ಅಲ್ಲಗಳೆದಿಲ್ಲ. ಆದರೂ ನನ್ನ ಐದು ಪಟ್ಟಿನ ಲೆಕ್ಕ ಅದರಿಂದ ಬದಲಾಗುವುದಿಲ್ಲ.

ಬಯಲುಸೀಮೆ ಮಗಳು: ಬದಲಾಗುವುದಿಲ್ಲ ಎಂಬುದೇ ನನ್ನ ತಕರಾರು. ನಾಳೆ ನಮ್ಮಮ್ಮ ಒಲೆ ಬಿಟ್ಟು ಸಿಲಿಂಡರ್ ಹಚ್ಚಿದರೆ ನಿಮ್ಮ ಪಟ್ಟಿಯಲ್ಲಿ ಭಾರತದ ಹೊರಸೂಸುವಿಕೆ ಏರುತ್ತದೆ. ಅಡುಗೆ ಅದೇ, ಮನೆಯಲ್ಲಿ ಉಣ್ಣುವ ಬಾಯಿಗಳೂ ಅಷ್ಟೇ. ಅವರ ಎದೆಯೊಳಗೆ ಹೋಗುತ್ತಿದ್ದ ಹೊಗೆ ನಿಂತಿರುತ್ತದೆ. ಅದನ್ನು ಹೆಚ್ಚಳವೆಂದು ಬರೆಯುವ ಲೆಕ್ಕವನ್ನು ನಾನು ಒಪ್ಪುವುದಿಲ್ಲ.

ತುಂಗಾತೀರ: "ಬಾಯಿಗಳೂ ಅಷ್ಟೇ" ಎಂದಿರಿ. ನಿಮ್ಮ ಮನೆಯಲ್ಲಿ ಇರಬಹುದು, ದೇಶದಲ್ಲಿ ಅಷ್ಟೇ ಉಳಿದಿಲ್ಲ. ನನ್ನ ಮೊದಲ ಪ್ರಶ್ನೆಗೆ ಇನ್ನೂ ಯಾರೂ ಉತ್ತರಿಸಿಲ್ಲ.